ಮೂಲೆಯಲ್ಲಿ ರವಿವರ್ಮನ ಸಹಿ ಇದೆ, ಪಟ ಅಸಲಿಯೇ?

ಪ್ರಶ್ನೆ: ಬೆಳಗಾವಿ ಶಹಾಪುರದಾಗ ನಮ್ಮ ಹಳೇ ಮನಿ ಐತ್ರಿ. ಪಡಸಾಲ್ಯಾಗ ಅಜ್ಜಿ ಕಾಲದ ರವಿವರ್ಮನ ಲಕ್ಷ್ಮೀ ಪಟ, ಮೂಲ್ಯಾಗ ಸಹಿನೂ ಐತಿ. ಅಸಲಿ ಏನ್ರಿ? ಈ ಮಳಿಗಾಲದಾಗ ಒಂದ್ ಕಡೆ ಕಾಜಿಗೆ ಹತ್ಕೊಂಡೈತಿ.

ಉತ್ತರ: ಸಹಿಯನ್ನು ಮರೆತುಬಿಡಿ, ಅಚ್ಚಿನ ಪಟದಲ್ಲಿ ಚಿತ್ರದ ಜೊತೆ ಸಹಿಯೂ ಅಚ್ಚಾಗಿರುತ್ತದೆ. ರವಿವರ್ಮ ಕೈಯಾರೆ ಬರೆದ ತೈಲಚಿತ್ರ ಹೀಗೆ ಪಡಸಾಲೆಯಲ್ಲಿ ಸಿಗುವುದು ಇಲ್ಲವೆನ್ನುವಷ್ಟು ಅಪರೂಪ. ನೋಡಬೇಕಾದ್ದು, ಇದು ಕಲ್ಲಚ್ಚಿನ ಹಳೆಯ ಓಲಿಯೋಗ್ರಾಫೋ (ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚು), ಈಚಿನ ಆಫ್‌ಸೆಟ್ ಪ್ರತಿಯೋ ಎಂಬುದು.

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಹತ್ತು ಪಟ್ಟಿನ ಮಸೂರದಿಂದ ದೇವಿಯ ಕೆನ್ನೆಯನ್ನು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನಂತೆ ಕೂತಿದ್ದರೆ ಆಫ್‌ಸೆಟ್. ರವೆ ಚೆಲ್ಲಿದಂತೆ ಅಡ್ಡಾದಿಡ್ಡಿ ಚುಕ್ಕೆಗಳಿದ್ದರೆ ಕಲ್ಲಚ್ಚು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸುಣ್ಣಗಲ್ಲು. ಜಿಡ್ಡು ಮಸಿಯಲ್ಲಿ ಚುಕ್ಕೆ ಇಟ್ಟದ್ದು ಮನುಷ್ಯರ ಕೈ. ಕಲ್ಲು ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗೆರೆ ದಾಟಿ ನಿಲ್ಲುತ್ತದೆ, ಅದನ್ನೂ ಹುಡುಕಿ. ಕ್ಯಾನ್ವಾಸಿನ ನೇಯ್ಗೆ ಕಂಡು ಮೋಸಹೋಗುವವರು ಬಹಳ. ಎಷ್ಟೋ ಓಲಿಯೋಗ್ರಾಫುಗಳಿಗೆ ಮುದ್ರಿಸಿದ ಮೇಲೆ ನೇಯ್ಗೆಯ ಅಚ್ಚೊತ್ತಿ ವಾರ್ನಿಷ್ ಬಳಿಯುತ್ತಿದ್ದರು. ಆ ನೇಯ್ಗೆ ಎಲ್ಲೆಡೆ ಒಂದೇ ಸಮ ಇರುತ್ತದೆ, ಕುಂಚದ ಏರಿಳಿತ ಇರುವುದಿಲ್ಲ.

ಕೆಳಅಂಚಿನಲ್ಲಿ ಪ್ರೆಸ್ಸಿನ ಹೆಸರಿದ್ದರೆ ಒಳ್ಳೆಯದೇ (ಚೌಕಟ್ಟು ಹಾಕುವವರು ಬಹುತೇಕ ಕತ್ತರಿಸಿಬಿಡುತ್ತಾರೆ). ಆದರೆ ಅದರಿಂದ ಕಾಲ ತಿಳಿಯದು. 1894ರಲ್ಲಿ ಮುಂಬೈಯ ಘಾಟ್‌ಕೋಪರ್‌ನಲ್ಲಿ ಶುರುವಾದ ರವಿವರ್ಮನ ಪ್ರೆಸ್ಸು ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಸಾಲ ಹೆಚ್ಚಾಗಿ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಕೈಗೆ ಬಂತು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ದಶಕಗಟ್ಟಲೆ ಅದೇ ಹೆಸರಲ್ಲಿ ಪಟ ಅಚ್ಚಾದವು.

ಇನ್ನು ಅಂಟಿದ್ದು. ಬೆಳಗಾವಿಯ ಮಳೆಗೆ ಗೋಡೆ ತೇವ ಹೀರುತ್ತದೆ, ಕಾಜಿನ ಒಳಮೈ ಬೆವರುತ್ತದೆ, ಮೆತ್ತಗಾದ ವಾರ್ನಿಷ್ ಕಾಜನ್ನು ಹಿಡಿಯುತ್ತದೆ. ಎಳೆಯಬೇಡಿ, ಬಣ್ಣ ಕಾಜಿನ ಮೇಲೇ ಉಳಿದು ಕಾಗದ ಬೋಳಾಗುತ್ತದೆ. ನೀರು, ಹೇರ್ ಡ್ರೈಯರ್ ಎರಡೂ ಬೇಡ. ಇವತ್ತೇ ಗೋಡೆಯಿಂದ ಇಳಿಸಿ, ಒಣಗಿದ ಕೋಣೆಯಲ್ಲಿ ಕಾಜು ಕೆಳಗಾಗುವಂತೆ ಚಪ್ಪಟೆ ಇಡಿ. ಬಿಡಿಸುವ ಕೆಲಸ ಕಾಗದ ಸಂರಕ್ಷಣೆ ಕಲಿತವರದು, ಚೌಕಟ್ಟಿನ ಅಂಗಡಿಯದಲ್ಲ.

ಮರಳಿ ಕಟ್ಟಿಸುವಾಗ ಆಮ್ಲವಿಲ್ಲದ ಮೌಂಟ್ ಬೋರ್ಡ್ (ಪಟದ ಸುತ್ತ ಇಡುವ ದಪ್ಪ ರಟ್ಟು) ಇಡಿಸಿ, ಪಟಕ್ಕೂ ಕಾಜಿಗೂ 3–4 ಮಿ.ಮೀ. ಅಂತರ ಬರಲಿ. ಹಿಂದಿನ ಹಳೇ ಹಲಗೆ ತೆಗೆಸಿ. ಕಾಗದಕ್ಕೆ ಕಂದು ಕಲೆ ಹತ್ತುವುದು ಅದರ ಆಮ್ಲದಿಂದ. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬಿರಡೆ (ಕಾರ್ಕ್) ಚೂರು ಅಂಟಿಸಿದರೆ ಗೋಡೆಯ ಸಂದಿಯಲ್ಲಿ ಗಾಳಿಯಾಡುತ್ತದೆ. ಕಾಜು ಒರೆಸುವಾಗ ನೀರನ್ನು ಅರಿವೆಗೆ ಹಾಕಿ, ಕಾಜಿಗಲ್ಲ.

ದೇವಿಯ ಸೀರೆಗೆ ಜರಿ, ಟಿಕಳಿ ಅಂಟಿಸಿದ್ದರೆ ಹಾಗೇ ಬಿಡಿ. ಆಗಿನ ಹೆಣ್ಣುಮಕ್ಕಳು ಕೂತು ಮಾಡಿದ ಆ ಕೆಲಸವನ್ನು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ.