ಸಾಲಿನಲ್ಲಿ ನಿಂತು ತೆರುವ ಸುಂಕ

ರಸ್ತೆ ಯೋಜನೆಯ ಸಾರ್ವಜನಿಕ ಸಭೆಗಳಲ್ಲಿ ಎರಡು ಬೇಡಿಕೆಗಳು ಒಂದೇ ಉಸಿರಿನಲ್ಲಿ ಬರುತ್ತವೆ: ರಸ್ತೆ ಅಗಲ ಮಾಡಿ, ನಮ್ಮ ಜೇಬಿಗೆ ಕೈ ಹಾಕಬೇಡಿ. ಸಂಚಾರ ಎಂಜಿನಿಯರ್ ಆಗಿ ಇಷ್ಟು ವರ್ಷ ಈ ಮಾತನ್ನು ಕೇಳಿದ ಮೇಲೆ ನನಗನ್ನಿಸುವುದು ಇಷ್ಟು. ರಸ್ತೆಗೆ ಹಣ ಎಲ್ಲಿಂದ ತರುವುದು ಎಂಬುದನ್ನು ಒಂದು ಕಡತದಲ್ಲಿ, ದಟ್ಟಣೆ ಹೇಗೆ ಇಳಿಸುವುದು ಎಂಬುದನ್ನು ಇನ್ನೊಂದು ಕಡತದಲ್ಲಿ ಇಟ್ಟಿರುವುದೇ ನಮ್ಮ ತಪ್ಪು.

ಒಮ್ಮೆ ಸಿಗ್ನಲ್ಲಿನ ನಿಲುಗಡೆ ಗೆರೆಯ ಪಕ್ಕ ಗಡಿಯಾರ ಹಿಡಿದು ನಿಂತು ನೋಡಿ. ಹಸಿರು ದೀಪ ಬಂದಾಗ ಮೊದಲ ಎರಡು ಮೂರು ಕಾರುಗಳು ತುಸು ತಡವರಿಸುತ್ತವೆ. ಆಮೇಲೆ ಎರಡು ಸೆಕೆಂಡಿಗೊಂದರಂತೆ ಗೆರೆ ದಾಟುತ್ತವೆ. ಮೂವತ್ತು ಸೆಕೆಂಡಿನ ಹಸಿರಿನಲ್ಲಿ ಒಂದು ಪಥದಿಂದ ಹದಿನಾಲ್ಕು ಕಾರು ದಾಟಿದರೆ ದೊಡ್ಡದು. ಪ್ರತಿ ಸುತ್ತಿಗೂ ಹದಿನೈದು ಬಂದರೆ? ಒಂದು ಉಳಿಯುತ್ತದೆ. ದೀಪ ಎರಡು ನಿಮಿಷಕ್ಕೊಮ್ಮೆ ಸುತ್ತುವುದಾದರೆ ಒಂದು ಗಂಟೆಗೆ ಮೂವತ್ತು ಕಾರುಗಳ ಬಾಲ ಬೆಳೆದಿರುತ್ತದೆ. ಅದರ ತುದಿಯಲ್ಲಿರುವವನು ನಾಲ್ಕು ನಿಮಿಷ ಹೆಚ್ಚಿಗೆ ಕಾಯುತ್ತಾನೆ, ಅದೂ ಒಂದೇ ಸಿಗ್ನಲ್ಲಿನಲ್ಲಿ. ಹದಿನೈದರಲ್ಲಿ ಒಬ್ಬ ಅರ್ಧ ಗಂಟೆ ತಡವಾಗಿ ಹೊರಟಿದ್ದರೆ, ಅಥವಾ ಬಸ್ ಹತ್ತಿದ್ದರೆ, ಈ ಬಾಲವೇ ಇರುತ್ತಿರಲಿಲ್ಲ. ದಟ್ಟಣೆ ಇಳಿಸುವುದೆಂದರೆ ಊರಿಗೆ ಊರೇ ಕಾರನ್ನು ಬಿಟ್ಟುಕೊಡಬೇಕು ಎಂದು ಜನ ಹೆದರುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಆ ಹದಿನೈದನೆಯವನ ವಿಷಯ.

ಆ ಹದಿನೈದನೆಯವನಿಗೆ ಮನಸ್ಸು ಬದಲಿಸಲು ಇಂದು ಯಾವ ಕಾರಣವೂ ಇಲ್ಲ. ಬೆಳಗಿನ ಒಂಬತ್ತು ಗಂಟೆಯ ರಸ್ತೆಗೂ ನಡುರಾತ್ರಿಯ ರಸ್ತೆಗೂ ಒಂದೇ ಬೆಲೆ: ಸೊನ್ನೆ. ಹಣ ಕೇಳದಿದ್ದರೆ ರಸ್ತೆ ಸಮಯ ಕೇಳುತ್ತದೆ. ಸಮಯವಾಗಿ ತೆತ್ತ ಸುಂಕದಿಂದ ಒಂದು ಬುಟ್ಟಿ ಜಲ್ಲಿಯನ್ನೂ ಕೊಳ್ಳಲಾಗದು ಎಂಬುದಷ್ಟೇ ವ್ಯತ್ಯಾಸ.

ದಟ್ಟಣೆಯ ಹೊತ್ತಿನ ರಸ್ತೆಗೆ ಸಮಯದ ಬದಲು ಹಣ ಕೇಳುವುದನ್ನು ಸಿಂಗಪುರ 1975ರಲ್ಲೇ ಪ್ರಯೋಗಿಸಿ ನೋಡಿತು. ಬೆಳಗಿನ ಹೊತ್ತು ನಗರದ ಕೇಂದ್ರಕ್ಕೆ ಬರುವ ಕಾರಿನ ಗಾಜಿಗೆ ಹಣ ಕೊಟ್ಟು ಕೊಂಡ ಕಾಗದದ ಪರವಾನಗಿ ಅಂಟಿರಬೇಕಿತ್ತು, ಅಷ್ಟೇ. 1998ರಲ್ಲಿ ಕಾಗದದ ಜಾಗಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ಲಂಡನ್ 2003ರಲ್ಲಿ ದಿನಕ್ಕೆ ಐದು ಪೌಂಡ್ ಶುಲ್ಕ ಹಾಕಿತು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಸ್ಟಾಕ್‌ಹೋಮ್‌ನ ಕಥೆ. ಅಲ್ಲಿ 2006ರ ಜನವರಿಯಿಂದ ಏಳು ತಿಂಗಳು ಪ್ರಯೋಗಕ್ಕೆಂದು ಶುಲ್ಕ ವಸೂಲಿ ಮಾಡಿದರು. ಶುಲ್ಕದ ಗಡಿ ದಾಟುವ ವಾಹನಗಳು ಐದರಲ್ಲಿ ಒಂದರಷ್ಟು ಕಡಿಮೆಯಾದವು. ಮೊದಲು ಬಹುಪಾಲು ವಿರೋಧಿಸಿದ್ದ ನಗರ, ಪ್ರಯೋಗ ನಿಲ್ಲಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ನಡೆದ ಜನಮತದಲ್ಲಿ ಶುಲ್ಕ ಇರಲಿ ಎಂದಿತು.

ಇನ್ನು ಅಗಲೀಕರಣ. ನಾನೇ ಇಂಥ ನಕ್ಷೆಗಳಿಗೆ ಸಹಿ ಹಾಕಿದವನು, ಹಾಗಾಗಿ ಮುಜುಗರದಿಂದಲೇ ಹೇಳುತ್ತೇನೆ: ಬೆಳೆಯುತ್ತಿರುವ ಪ್ರದೇಶದಲ್ಲಿ ಪುಕ್ಕಟೆಯಾಗಿ ಕೊಟ್ಟ ಹೊಸ ಪಥ ಬಹಳ ದಿನ ಖಾಲಿ ಉಳಿಯುವುದಿಲ್ಲ. ಮುಂಚೆ ಬೇಗ ಹೊರಡುತ್ತಿದ್ದವರು ತಮಗೆ ಬೇಕಾದ ಹೊತ್ತಿಗೇ ಹೊರಡುತ್ತಾರೆ, ಅಡ್ಡದಾರಿ ಹಿಡಿದವರು ಮರಳುತ್ತಾರೆ, ರಸ್ತೆಯ ತುದಿಯಲ್ಲಿ ಹೊಸ ಬಡಾವಣೆ ಏಳುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ, ಪಕ್ಕದ ಸೇವಾ ರಸ್ತೆಗಳೂ ಸೇರಿ, ಕೆಲವೆಡೆ 26 ಪಥಗಳವರೆಗೆ ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು. ರಸ್ತೆ ಕಟ್ಟಲೇಬಾರದು ಎಂದಲ್ಲ. ಹೊಸ ಜನ, ಹೊಸ ಮನೆ ಬಂದಲ್ಲಿ ರಸ್ತೆ ಬೇಕೇ ಬೇಕು. ಆದರೆ ಅಗಲ ಮಾಡಿದರೆ ಸಾಲು ಹೋಗುತ್ತದೆ ಎಂದು ಸಭೆಯಲ್ಲಿ ಮಾತು ಕೊಡುವುದನ್ನು ನಾನು ಬಿಟ್ಟಿದ್ದೇನೆ.

‘ಪೆಟ್ರೋಲಿನ ಮೇಲೆ ತೆರಿಗೆ ಕಟ್ಟುತ್ತಿಲ್ಲವೇ?’ ಎಂದು ಯಾರಾದರೂ ಎದ್ದು ನಿಂತು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ತೆರಿಗೆಗೆ ಗಡಿಯಾರ ನೋಡಲು ಬರುವುದಿಲ್ಲ, ದಾರಿಯೂ ಗೊತ್ತಿಲ್ಲ. ಲೀಟರಿಗೋ ಗ್ಯಾಲನ್‌ಗೋ ಇಷ್ಟೆಂದು ಗೊತ್ತು ಮಾಡಿದ ತೆರಿಗೆ ಬೆಲೆ ಏರಿಕೆಯ ಜೊತೆ ಏರುವುದೂ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆ 1993ರಲ್ಲಿ ಗ್ಯಾಲನ್‌ಗೆ 18.4 ಸೆಂಟ್ ಆಯಿತು. ಆಮೇಲೆ ಮೂರು ದಶಕ ಅಲ್ಲೇ ಕೂತಿತು. ಸಾಲದ್ದಕ್ಕೆ ವಿದ್ಯುತ್ ವಾಹನಗಳು ಬಂದಿವೆ, ಅವು ಪೆಟ್ರೋಲ್ ಬಂಕಿನ ಮುಖವನ್ನೇ ನೋಡುವುದಿಲ್ಲ. 1919ರಲ್ಲಿ ಪೆಟ್ರೋಲಿಗೆ ತೆರಿಗೆ ಹಾಕಿ ಆ ದೇಶಕ್ಕೇ ದಾರಿ ತೋರಿಸಿದ್ದ ಆರೆಗಾನ್ ರಾಜ್ಯವೇ 2015ರಲ್ಲಿ, ಇಚ್ಛೆಯುಳ್ಳವರಿಂದ ಓಡಿಸಿದ ಮೈಲಿಗೆ ಇಷ್ಟು ಎಂದು ಪಡೆಯಲು ಶುರು ಮಾಡಿತು.

ತೂಕದ ಮಾತನ್ನು ಯಾರೂ ಎತ್ತುವುದಿಲ್ಲ. ಗಾಡಿಯ ಗಾಲಿಗಳನ್ನು ಹೊತ್ತ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ, ಪರೀಕ್ಷೆಗೆಂದೇ ಹಾಕಿದ ರಸ್ತೆಗಳ ಮೇಲೆ ಹಗಲಿರುಳು ಲಾರಿ ಓಡಿಸಿ ಕಂಡುಕೊಂಡ ಲೆಕ್ಕವಿದು. ಆನೆಯ ಭಾರ ಆನೆಗೆ ಎನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಲಾರಿಯ ಭಾರಕ್ಕೆ ಸ್ಕೂಟರಿನವನೂ ತೆರಿಗೆ ಕಟ್ಟುತ್ತಾನೆ.

ಬಡವರ ಗತಿಯೇನು ಎಂಬ ಆಕ್ಷೇಪಣೆ ಮಾತ್ರ ಹಗುರವಾದದ್ದಲ್ಲ. ಪಾಳಿಯ ಹೊತ್ತನ್ನು ತಾನು ಗೊತ್ತು ಮಾಡಲಾಗದ ಕೆಲಸಗಾರನಿಗೆ ‘ಅರ್ಧ ಗಂಟೆ ತಡವಾಗಿ ಹೊರಡು’ ಎನ್ನುವುದು ಕ್ರೌರ್ಯ. ಬಸ್ಸಿಲ್ಲದ ಊರಿನಲ್ಲಿ ಶುಲ್ಕ ಹಾಕಿದರೆ ಅದು ಬರೀ ದಂಡ. ಆದ್ದರಿಂದ ನಾನು ಸಲಹೆ ಕೊಡುವಾಗಲೆಲ್ಲ ಮೊದಲು ಕೇಳುವುದು ಶುಲ್ಕದ ಮೊತ್ತವನ್ನಲ್ಲ, ದಿನಾಂಕಗಳನ್ನು. ಸ್ಟಾಕ್‌ಹೋಮ್‌ನಲ್ಲಿ ಶುಲ್ಕ ಶುರುವಾದದ್ದು ಜನವರಿಯಲ್ಲಿ. ಹೆಚ್ಚುವರಿ ಬಸ್ಸುಗಳು ಹಿಂದಿನ ಆಗಸ್ಟ್‌ನಿಂದಲೇ ಓಡುತ್ತಿದ್ದವು.