ನೀಲಿ ಚುಕ್ಕಿ: ನೆಬ್ರಾಸ್ಕಾದ ಒಂದೇ ಒಂದು ಓಟು

2024ರ ಅಧ್ಯಕ್ಷ ಚುನಾವಣೆ ಹೊತ್ತಿಗೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓಮಹಾ ಊರಿನ ಮನೆಗಳ ಮುಂದೆ ಒಂದು ವಿಚಿತ್ರ ಬೋರ್ಡು ಕಾಣಿಸತೊಡಗಿತು. ಬಿಳಿ ಹಲಗೆ, ನಡುವೆ ದುಂಡಗೆ ಒಂದು ನೀಲಿ ಚುಕ್ಕಿ. ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಗುರುತಿಲ್ಲ, ಒಂದಕ್ಷರವೂ ಇಲ್ಲ. ಅಲ್ಲಿನ ಗಂಡ ಹೆಂಡತಿ ಸ್ಪ್ರೇ ಪೇಂಟ್ ಹೊಡೆದು ಶುರು ಮಾಡಿದ್ದು, ನೋಡನೋಡುತ್ತಾ ಸಾವಿರಗಟ್ಟಲೆ ಆಯಿತು. ಊರಿನವರಿಗೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಅದು ‘ಬ್ಲೂ ಡಾಟ್’, ಅಂದರೆ ಅವರದೇ ಊರು.

ಅಮೆರಿಕದ ಟಿವಿ ನಕ್ಷೆಗಳಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ನೀಲಿ ಬಣ್ಣ, ರಿಪಬ್ಲಿಕನ್ ಪಕ್ಷಕ್ಕೆ ಕೆಂಪು. ನೆಬ್ರಾಸ್ಕಾ ಅಪ್ಪಟ ಕೆಂಪು ರಾಜ್ಯ. 1964ರ ನಂತರ ಇಡೀ ರಾಜ್ಯವನ್ನು ಯಾವ ಡೆಮಾಕ್ರಟಿಕ್ ಅಭ್ಯರ್ಥಿಯೂ ಗೆದ್ದಿಲ್ಲ. ಆದರೂ ಆ ಕೆಂಪಿನ ಪೂರ್ವದ ಅಂಚಿನಲ್ಲಿ, ಓಮಹಾ ಇರುವ ಕಡೆ, ಒಮ್ಮೊಮ್ಮೆ ನೀಲಿ ಮೂಡುತ್ತದೆ.

ಅದು ಹೇಗೆ? ಅಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಜನರ ಓಟಿನ ಮೇಲೆ ಗೊತ್ತಾಗುವ ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳು ಆರಿಸುತ್ತಾರೆ. ರಾಜ್ಯದಲ್ಲಿ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಕೆಳಮನೆಯ ಕ್ಷೇತ್ರಗಳು ಎಷ್ಟಿವೆಯೋ ಅಷ್ಟು ಎಲೆಕ್ಟರ್‌ಗಳು, ಅದರ ಮೇಲೆ ಮೇಲ್ಮನೆಯ ಸೆನೆಟರ್‌ಗಳ ಲೆಕ್ಕದಲ್ಲಿ ಇನ್ನೆರಡು. ನೆಬ್ರಾಸ್ಕಾಕ್ಕೆ ಮೂರೂ ಎರಡೂ ಸೇರಿ 5. ಇಡೀ ದೇಶಕ್ಕೆ 538, ಗೆಲ್ಲಲು 270 ಬೇಕು. 48 ರಾಜ್ಯಗಳಲ್ಲಿ ಒಂದೇ ಓಟು ಜಾಸ್ತಿ ಬಂದರೂ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಗೆದ್ದವರ ಪಾಲು. ಸೋತವರಿಗೆ ಸೊನ್ನೆ.

ಹಾಗಲ್ಲದ ರಾಜ್ಯಗಳು ಎರಡೇ. ಮೇನ್ 1972ರಿಂದ, ನೆಬ್ರಾಸ್ಕಾ 1992ರಿಂದ ಬೇರೆ ದಾರಿ ಹಿಡಿದಿವೆ. ನೆಬ್ರಾಸ್ಕಾದ ಮತದಾರ ಬ್ಯಾಲೆಟ್ ಮೇಲೆ ಅಧ್ಯಕ್ಷರಿಗೆ ಗುರುತು ಹಾಕುವುದು ಒಂದೇ ಸಲ. ಆದರೆ ಆ ಗುರುತು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಇಡೀ ರಾಜ್ಯದ ಮೊತ್ತದಲ್ಲಿ ಒಮ್ಮೆ. ಅಲ್ಲಿ ಮುಂದೆ ಬಂದವರಿಗೆ ಎರಡು ಎಲೆಕ್ಟರ್. ಅವರವರ ಕ್ಷೇತ್ರದ ಮೊತ್ತದಲ್ಲಿ ಇನ್ನೊಮ್ಮೆ. ಪ್ರತಿ ಕ್ಷೇತ್ರಕ್ಕೆ ಒಂದು.

ಮೊದಲ ನಾಲ್ಕು ಚುನಾವಣೆಗಳಲ್ಲಿ ಈ ಪದ್ಧತಿ ಇದ್ದೂ ಇಲ್ಲದಂತಿತ್ತು, ಐದಕ್ಕೆ ಐದೂ ಕೆಂಪೇ. 2008ರಲ್ಲಿ ಬರಾಕ್ ಒಬಾಮಾ ಓಮಹಾ ಇರುವ ಎರಡನೇ ಕ್ಷೇತ್ರವನ್ನು ಮೂರು ಸಾವಿರ ಚಿಲ್ಲರೆ ಓಟಿನಲ್ಲಿ ಗೆದ್ದರು. ಚುಕ್ಕಿ ಮೂಡಿತು. 2012, 2016ರಲ್ಲಿ ಅಳಿಸಿಹೋಯಿತು. 2020ರಲ್ಲಿ ಜೋ ಬೈಡನ್‌ಗೆ ಮತ್ತೆ ಸಿಕ್ಕಿತು.

ಒಂದು ಎಲೆಕ್ಟರ್ ಓಟಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು ಅಲ್ವಾ? 2024ರಲ್ಲಿ ಎರಡೂ ಪಕ್ಷದವರು ಹಾಕುತ್ತಿದ್ದ ಲೆಕ್ಕ ನೋಡಿ. ತುರುಸಿನ ಪೈಪೋಟಿಯಿದ್ದ ಏಳು ರಾಜ್ಯಗಳಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್ ಗೆದ್ದು, ಉಳಿದ ನಾಲ್ಕು ಸೋತು, ಬೇರೆಲ್ಲ ಎಂದಿನಂತೆ ನಡೆದರೆ ಅವರಿಗೆ 269. ಓಮಹಾ ಸೇರಿದರೆ ಸರಿಯಾಗಿ 270.

ರಿಪಬ್ಲಿಕನ್ನರು ಸುಮ್ಮನೆ ಕೂರಲಿಲ್ಲ. ಚುನಾವಣೆಗೆ ಮೊದಲೇ ಕಾನೂನು ಬದಲಿಸಿ ಐದೂ ಒಬ್ಬರಿಗೇ ಸಿಗುವಂತೆ ಮಾಡಲು ಗವರ್ನರ್ ಜಿಮ್ ಪಿಲೆನ್ ಹೊರಟರು. ಅಲ್ಲಿ ಶಾಸನಸಭೆ ಒಂದೇ, ಸದಸ್ಯರು 49. ವಿರೋಧಿಗಳ ಅಡ್ಡಗಾಲು ದಾಟಲು 33 ಜನ ಬೇಕು. ಅಷ್ಟು ಜನ ಕೂಡಲಿಲ್ಲ. ಆ ಸಭೆಯ ಓಮಹಾದ ಸದಸ್ಯ ಮೈಕ್ ಮೆಕ್‌ಡೊನೆಲ್ ಅದೇ ವರ್ಷ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಸೇರಿದ್ದವರು. ಎಲ್ಲರ ಕಣ್ಣೂ ಅವರ ಮೇಲಿತ್ತು. ಚುನಾವಣೆ ಇಷ್ಟು ಹತ್ತಿರ ಬಂದಾಗ ಬದಲಿಸುವುದು ಬೇಡ ಅಂದುಬಿಟ್ಟರು.

ಕೊನೆಗೆ ಅಷ್ಟು ಗುದ್ದಾಡಿದ್ದ ಆ ಒಂದು ಓಟು ಬೇಕಾಗಲೇ ಇಲ್ಲ. ಡೊನಾಲ್ಡ್ ಟ್ರಂಪ್ ಏಳಕ್ಕೆ ಏಳೂ ರಾಜ್ಯ ಗೆದ್ದರು. ಡಿಸೆಂಬರ್ 17ರಂದು ರಾಜಧಾನಿ ಲಿಂಕನ್‌ನಲ್ಲಿ ನೆಬ್ರಾಸ್ಕಾದ ಎಲೆಕ್ಟರ್‌ಗಳು ಸೇರಿದಾಗ ನಾಲ್ವರು ಟ್ರಂಪ್‌ಗೆ ಹಾಕಿದರು, ಒಬ್ಬರು ಹ್ಯಾರಿಸ್‌ಗೆ. ದೇಶದ ಲೆಕ್ಕ 312ಕ್ಕೆ 226. ಆ 226ರಲ್ಲಿ ಒಂದು ಓಮಹಾದ್ದು.