ಅಡಾಪ್ಟರ್ ಚುಚ್ಚುವ ಮುಂಚೆ ಲೇಬಲ್ ಓದೋಣ

ಪಿನ್ ಸರಿಯಾಗಿ ಕೂತರೆ ಅಡಾಪ್ಟರ್ ಸರಿ ಅಂತ ನಾನೂ ನಂಬಿದ್ದೆ. ಹಾಗಾಗಿ ಒಮ್ಮೆ ಗಿಟಾರ್ ಪೆಡಲ್‌ಗೆ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ) ಮನೆಯ ರೌಟರಿನ 12 ವೋಲ್ಟ್ ಅಡಾಪ್ಟರ್ ಹಾಕಿದೆ. ಪಿನ್ ಚೆನ್ನಾಗಿಯೇ ಕೂತಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಪೆಡಲ್‌ಗೆ ಬೇಕಿದ್ದದ್ದು 9 ವೋಲ್ಟ್. ಮೇಲಾಗಿ ಪ್ಲಸ್, ಮೈನಸ್ ಕೂಡ ಉಲ್ಟಾ ಆಗಿತ್ತು.

ಈ ಪ್ಲಸ್–ಮೈನಸ್ ವಿಷಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಲೇಬಲ್ಲಿನಲ್ಲಿ ಒಂದು ಚುಕ್ಕಿ, ಅದರ ಸುತ್ತ ಅರ್ಧ ವೃತ್ತ ಇರುತ್ತದೆ. ಚುಕ್ಕಿ ಅಂದರೆ ಪಿನ್ನಿನ ಒಳಭಾಗ, ವೃತ್ತ ಅಂದರೆ ಹೊರಭಾಗ. ಚುಕ್ಕಿಗೆ ಮೈನಸ್ ಸೇರಿದ್ದರೆ ನಡುವೆ ಮೈನಸ್. ಹೆಚ್ಚಿನ ಗಿಟಾರ್ ಪೆಡಲ್‌ಗಳು ಹೀಗೇ: 9 ವೋಲ್ಟ್, ನಡುವೆ ಮೈನಸ್. ಕ್ಯಾಸಿಯೋದ ಹಲವು ಹಳೆಯ ಕೀಬೋರ್ಡುಗಳೂ ಹಾಗೆಯೇ. ಯಮಹಾದ ಹಲವು ಕೀಬೋರ್ಡುಗಳಿಗೆ 12 ವೋಲ್ಟ್, ನಡುವೆ ಪ್ಲಸ್. ಅಕ್ಕಪಕ್ಕ ಇಟ್ಟರೆ ಎರಡೂ ಅಡಾಪ್ಟರ್ ಒಂದೇ ಥರ ಕಾಣಬಹುದು!

ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟಿರಬೇಕು, ಇಲ್ಲವೇ ಜಾಸ್ತಿ ಇರಬೇಕು. 100 ಮಿಲಿಆಂಪಿಯರಿನ ಪೆಡಲ್‌ಗೆ 1 ಆಂಪಿಯರ್ ಅಡಾಪ್ಟರ್ ಹಾಕಿದರೆ ತೊಂದರೆಯಿಲ್ಲ. ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಆಂಪಿಯರ್ ಕಡಿಮೆಯಾದರೆ ಅಡಾಪ್ಟರ್ ಬಿಸಿಯಾಗುತ್ತದೆ, ವಾಲ್ಯೂಮ್ ಏರಿಸಿದಾಗ ಕೀಬೋರ್ಡ್ ಆಫ್ ಆಗಬಹುದು. ಔಟ್‌ಪುಟ್ ಡಿಸಿಯೋ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಎಸಿಯೋ (ದಿಕ್ಕು ಬದಲಿಸುತ್ತಿರುವ ಕರೆಂಟ್) ಅಂತಲೂ ನೋಡಿ. ಸದ್ದು ಬದಲಿಸುವ ಕೆಲವು ಎಫೆಕ್ಟ್ ಯೂನಿಟ್‌ಗಳಿಗೆ 9 ವೋಲ್ಟ್ ಎಸಿಯೇ ಬೇಕು. ಅಲೆಯಂಥ ಗೆರೆ ಇದ್ದರೆ ಎಸಿ. ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ.

ಅಮೆರಿಕದಿಂದ ಅಣ್ಣನೋ ಚಿಕ್ಕಪ್ಪನೋ ಆಂಪ್ (ಸದ್ದು ಜೋರು ಮಾಡುವ ಆಂಪ್ಲಿಫೈಯರ್) ತಂದುಕೊಟ್ಟರೆ ಇನ್ನೂ ಹುಷಾರಾಗಿರಬೇಕು. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಇನ್‌ಪುಟ್ 100–240 ಅಂತ ಬರೆದಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ಅಂತಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಂಗಡಿಯ ಚಿಕ್ಕ ಪ್ಲಗ್ ಕನ್ವರ್ಟರ್ ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ವೋಲ್ಟೇಜ್ ಎರಡರಷ್ಟಾದರೆ ಒಳಗಿನ ಅದೇ ರೆಸಿಸ್ಟರಿನಲ್ಲಿ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಬಿಸಿ ನಾಲ್ಕರಷ್ಟಾಗುತ್ತದೆ. ಸುಡಲು ಅಷ್ಟು ಸಾಕಲ್ವಾ?

ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಆಂಪಿನ ಹೆಸರಿನ ಜೊತೆ ಹೇಳುವ ವ್ಯಾಟ್ ನೋಡಬೇಡಿ, ಅದು ಸ್ಪೀಕರಿಗೆ ಹೋಗುವ ಲೆಕ್ಕ. ಹಿಂಬದಿಯಲ್ಲಿ ಪವರ್ ಕಾರ್ಡ್ ಹತ್ತಿರ ಬರೆದಿರುವ ವ್ಯಾಟ್ ನೋಡಿ. ಅಲ್ಲಿ 60 ಇದ್ದರೆ ನಾನು 100 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ತೆಗೆದುಕೊಳ್ಳುತ್ತೇನೆ.